ಮಂಗಳವಾರದ ಮೊಟ್ಟೆಗಳು

ಕೋಳಿಯ ರಕ್ತಕಣಗಳು ತಟ್ಟೆಯ ಗುಳಿಯಲ್ಲಿ ಅಂಗಿಯ ಗುಂಡಿಯಂತೆ ತಳಕ್ಕೆ ಕೂತಿದ್ದರೆ ನಮಗೆ ಸೋಲು. ತೆಳ್ಳಗೆ ಪರದೆಯಂತೆ ಗುಳಿಯ ತುಂಬ ಹರಡಿದ್ದರೆ ಗೆಲುವು. ಗುಳಿಗೆ ಬೆರೆಸಿದ ಮೊಟ್ಟೆಯ ದ್ರವದಲ್ಲಿ ವೈರಸ್ ಬೆಳೆದಿದ್ದರೆ ಅದು ರಕ್ತಕಣಗಳನ್ನು ಒಂದಕ್ಕೊಂದು ಹೆಣೆದು ಹಾಗೆ ಹರಡುತ್ತದೆ. ಆ ಶನಿವಾರ ಬೆಳಗ್ಗೆ ನನ್ನ ತಟ್ಟೆಯಲ್ಲಿ ಸಾಲುಸಾಲಾಗಿ ಗುಂಡಿಗಳಿದ್ದವು, ಒಂದು ಹೊಲಿಗೆಯಂಗಡಿಗೆ ಸಾಕಾಗುವಷ್ಟು. ಸತತ ಮೂರನೆಯ ವಾರ.

ಹೆಬ್ಬಾಳದ ಆ ಸಣ್ಣ ಪ್ರಯೋಗಾಲಯದಲ್ಲಿ ನಾವು ಕೋಳಿಗಳ ಕೊಕ್ಕರೆ ರೋಗಕ್ಕೆ ಲಸಿಕೆ ತಯಾರಿಸುತ್ತಿದ್ದೆವು. ಪುಸ್ತಕದಲ್ಲಿ ಅದಕ್ಕೆ ರಾಣಿಖೇತ್ ರೋಗವೆಂದು ಹೆಸರು. ಕೆಲಸ ಕೇಳುವುದಕ್ಕೆ ಸುಲಭ. ಮೊಟ್ಟೆಯನ್ನು ಹತ್ತು ದಿನ ಕಾವು ಪೆಟ್ಟಿಗೆಯಲ್ಲಿಡುವುದು, ದೀಪಕ್ಕೆ ಹಿಡಿದು ಒಳಗಿನ ಪಿಂಡ ಅಲುಗಾಡುತ್ತಿದೆಯೇ ನೋಡುವುದು, ಚಿಪ್ಪಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ಸ್ಪಿರಿಟ್ ಸವರಿ, ಸೂಜಿಯಷ್ಟು ತೂತು ಮಾಡಿ, ಸೌಮ್ಯಗೊಳಿಸಿದ ವೈರಸ್ಸಿನ ಒಂದೆರಡು ಹನಿಯನ್ನು ಒಳಗೆ ಬಿಟ್ಟು ಮೇಣದಿಂದ ಮುಚ್ಚುವುದು. ಆ ಹನಿಗೆ ನಮ್ಮಲ್ಲಿ ‘ಬೀಜ’ ಎಂದು ಹೆಸರು. ನಾಲ್ಕು ದಿನ ಬಿಟ್ಟು ಮೊಟ್ಟೆಯೊಳಗಿನ ದ್ರವ ತೆಗೆದರೆ ಬಿತ್ತಿದ್ದು ಕೋಟಿಪಟ್ಟು ಬೆಳೆದಿರಬೇಕು.

ವಾರಕ್ಕೆ ಎರಡು ಬಿತ್ತನೆ. ಯಲಹಂಕದ ಕಡೆಯ ದೊಡ್ಡ ಫಾರಂನಿಂದ ಬಂದ ಮೊಟ್ಟೆಗಳಿಗೆ ಶುಕ್ರವಾರ, ಕೆಂಪಾಪುರದ ಒಬ್ಬ ಹೆಂಗಸು ತನ್ನ ಮನೆಯ ಕೋಳಿಗಳಿಂದ ತಂದುಕೊಡುತ್ತಿದ್ದ ಮೊಟ್ಟೆಗಳಿಗೆ ಮಂಗಳವಾರ. ಆಕೆಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಶುಕ್ರವಾರದ ಮೊಟ್ಟೆಗಳಲ್ಲಿ ಪರದೆ. ಮಂಗಳವಾರದ ಮೊಟ್ಟೆಗಳಲ್ಲಿ ಗುಂಡಿ. ಇಷ್ಟು ಕೇಳಿದ ಮೇಲೆ ಯಾರಾದರೂ ಏನು ತೀರ್ಮಾನಿಸುತ್ತಾರೆ? ನಮ್ಮ ಮುಖ್ಯಸ್ಥರೂ ಅದನ್ನೇ ತೀರ್ಮಾನಿಸಿದರು.

“ಆಯಮ್ಮನ ಕೋಳಿಗಳಿಗೆ ರೋಗ ಬಂದು ಹೋಗಿದೆ ಕಣ್ರೀ. ಮುಚ್ಚಿಟ್ಟಿದ್ದಾಳೆ. ರೋಗ ಗೆದ್ದ ಕೋಳಿಯ ರಕ್ತದಲ್ಲಿ ಪ್ರತಿಕಾಯ ಇರುತ್ತೆ, ಅದು ಮೊಟ್ಟೆಗೂ ಇಳಿಯುತ್ತೆ. ನಮ್ಮ ಬೀಜವನ್ನು ಅಲ್ಲೇ ಹಿಡಿದು ಕೊಲ್ಲುತ್ತೆ.”

“ಇರಬಹುದು ಸಾರ್. ಆದರೆ ‘ಇರಬಹುದು’ ಅನ್ನೋದಕ್ಕೂ ‘ಇದೆ’ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ?”

“ನಿಮ್ಮ ಹತ್ರ ಮಾತಾಡೋದು ಅಂದ್ರೆ ಕೋರ್ಟಿಗೆ ಹೋದ ಹಾಗೆ,” ಎಂದರು ಅವರು.

ನನ್ನ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಪರ ಕೊಡಿ, ವಿರೋಧ ಕೊಡಿ, ಗಂಟೆ ಬಾರಿಸುವವರೆಗೂ ನಿಲ್ಲಿಸುತ್ತಿರಲಿಲ್ಲ. ಪ್ರಯೋಗಾಲಯಕ್ಕೆ ಸೇರಿದ ಎರಡನೇ ತಿಂಗಳಲ್ಲೇ ಅಲ್ಲಿನ ಮೇಸ್ತ್ರಿಯನ್ನು ವಾದದಲ್ಲಿ ಸೋಲಿಸಿದ್ದೆ. ಮೇಸ್ತ್ರಿ ಎಂದರೆ ಮೊಟ್ಟೆಗಳ ಉಸ್ತುವಾರಿಯ ಹಿರಿಯರು. ಹೆಬ್ಬಾಳ ಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಬೀಜ ತುಂಬಿದ ಪುಟ್ಟ ಗಾಜಿನ ಆಂಪೂಲನ್ನು ಹಿಮಪೆಟ್ಟಿಗೆಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು, ಊರ ಸಮಾಚಾರ ಹೇಳುತ್ತ ಹತ್ತು ನಿಮಿಷ ಕೂರುವುದು ಅವರ ಪದ್ಧತಿ. ಹಾಗೆ ಕರಗಬೇಕು ಬೀಜ. ಇದೆಂಥ ವಿಜ್ಞಾನ ಎಂದು ನಾನು ಕೇಳಿದೆ. ಒಬ್ಬೊಬ್ಬರ ಅಂಗೈ ಒಂದೊಂದು ಬಿಸಿ; ಪಕ್ಕದಲ್ಲೇ ರಕ್ತಸಾರ ಕಾಯಿಸುವ ಬಿಸಿನೀರಿನ ತೊಟ್ಟಿ ಇದೆ, ಅದಕ್ಕೆ ಥರ್ಮಾಮೀಟರಿದೆ, ಥರ್ಮಾಮೀಟರ್ ಸುಳ್ಳು ಹೇಳುವುದಿಲ್ಲ, ಊರ ಸಮಾಚಾರವನ್ನೂ ಹೇಳುವುದಿಲ್ಲ ಎಂದೆ. ಎಲ್ಲರೂ ನಕ್ಕರು. ಮುಖ್ಯಸ್ಥರು, “ಸರಿ, ಇನ್ಮೇಲೆ ತೊಟ್ಟೀಲೇ ಕರಗಿಸಿ” ಎಂದರು. ಮೇಸ್ತ್ರಿ, “ಆಯ್ತು ಬುಡಿ ಅಮ್ಮೋರೆ, ನೀವೇ ಗೆದ್ರಿ” ಎಂದು ಎದ್ದು ಹೋದರು.

ಆ ಗೆಲುವು ನನಗೆ ಹಿತವಾಗಿತ್ತು. ಅದನ್ನು ಅಲ್ಲಿಗೇ ಬಿಡೋಣ, ಮತ್ತೆ ಬರುತ್ತದೆ.

ಶನಿವಾರ ಹತ್ತು ಗಂಟೆಗೆ ಅಕ್ಕ ಹುಲ್ಲು ಹಾಸಿದ ಬುಟ್ಟಿ ಹೊತ್ತು ಬಂದಳು. ಸುದ್ದಿ ಅವಳಿಗಿಂತ ಮೊದಲೇ ಬಾಗಿಲಿಗೆ ಬಂದಿತ್ತು.

“ಏನಮ್ಮಾ, ನನ್ ಕೋಳಿಗೆ ರೋಗ ಅಂದ್ರಂತೆ? ಯಾರ್ ನೋಡಿದ್ರು? ನೀನ್ ನೋಡ್ದಾ?”

“ನಾನು ಹಾಗೆ ಹೇಳಿಲ್ಲ ಅಕ್ಕಾ.”

“ಏಳ್ದೋರು ಯಾರೋ ಒಬ್ರು ಇರ್ಬೇಕಲ್ಲ! ಮಿಕ್ಕಿದ್ ಮೊಟ್ಟೇನ ಮನೇಲಿ ಕಾವಿಗಿಟ್ಟಿದ್ದೆ, ಒಂದೂ ಕೆಟ್ಟಿಲ್ಲ, ಮರಿ ಚಿಂವ್ ಚಿಂವ್ ಅಂತಾವೆ. ರೋಗದ್ ಕೋಳಿ ಮೊಟ್ಟೆ ಇಂಗೆ ಮರಿ ಮಾಡ್ತದಾ? ಬಾ ನಮ್ಮನೇಗೆ, ಕಣ್ಣಾರೆ ನೋಡು.”

ಹೋದೆ. ಸೋಮವಾರ ಮತ್ತಿಕೆರೆಯ ನನ್ನ ಕೋಣೆಯಿಂದ ನೇರವಾಗಿ ಸೈಕಲ್ಲಿನಲ್ಲಿ ಕೆಂಪಾಪುರಕ್ಕೆ. ರಾಗಿ ಹೊಲದ ಅಂಚಿನಲ್ಲಿ ಬಿದಿರು ತಟ್ಟಿಯ ಕೋಳಿಮನೆ, ಇನ್ನೂರರಷ್ಟು ಬಿಳಿ ಕೋಳಿಗಳು. ಅಕ್ಕ ಒಂದೊಂದನ್ನೇ ಕಂಕುಳಲ್ಲಿ ಒತ್ತಿ ರೆಕ್ಕೆ ಬಿಡಿಸಿ ಹಿಡಿದಳು. ನಾನು ರೆಕ್ಕೆಯಡಿಯ ನರದಿಂದ ರಕ್ತ ತೆಗೆದೆ. ಹನ್ನೆರಡು ಕೋಳಿ, ಹನ್ನೆರಡು ನಳಿಕೆ. ಸಂಜೆ ಪರೀಕ್ಷೆ ಮಾಡಿದೆ. ಒಂದರಲ್ಲೂ ಪ್ರತಿಕಾಯವಿರಲಿಲ್ಲ.

“ಹನ್ನೆರಡು ಕೋಳಿ ಇನ್ನೂರಾಗಲ್ಲ,” ಎಂದರು ಮುಖ್ಯಸ್ಥರು. ನ್ಯಾಯವಾದ ಮಾತು. ನಾನೇ ಎದುರು ಪಕ್ಷದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ.

ಹಾಗಾದರೆ ಆ ಮೊಟ್ಟೆಗಳೊಳಗೆ ಬೀಜವನ್ನು ತಡೆಯುತ್ತಿದ್ದುದು ಏನು? ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿತು. ಕೆಲವು ವರ್ಷಗಳಿಂದ ವಿದೇಶಿ ಪತ್ರಿಕೆಗಳಲ್ಲಿ ಒಂದು ವಿಚಿತ್ರ ವಸ್ತುವಿನ ಚರ್ಚೆ ನಡೆಯುತ್ತಿದೆ. ವೈರಸ್ ಒಂದು ಜೀವಕೋಶವನ್ನು ಮುಟ್ಟಿದಾಗ ಆ ಕೋಶ ಒಂದು ಪ್ರೋಟೀನನ್ನು ಹೊರಗೆ ಬಿಡುತ್ತದಂತೆ. ಅದು ವೈರಸ್ಸನ್ನು ಮುಟ್ಟುವುದಿಲ್ಲ. ನೆರೆಯ ಕೋಶಗಳಿಗೆ ತಲುಪಿ, ಬಾಗಿಲು ಭದ್ರಪಡಿಸಿಕೊಳ್ಳಿ ಎಂದು ಎಚ್ಚರಿಸುತ್ತದೆ. ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟಿದ್ದಾರೆ. ಅಂಥ ವಸ್ತುವೇ ಇಲ್ಲ, ಅದು ಪ್ರಯೋಗದ ತಪ್ಪು ಎನ್ನುವವರೂ ಇದ್ದಾರೆ. ಸಂದೇಹಪಡುವವರ ಗುಂಪಿಗೆ ನಾನು ಎಂದಿನಿಂದಲೂ ಸೇರಿದವಳು. ಆದರೂ ಪರೀಕ್ಷಿಸದೆ ಸಂದೇಹಪಡುವುದು ಬರೀ ಸೋಮಾರಿತನ.

ಪ್ರತಿಕಾಯವನ್ನೂ ಇದನ್ನೂ ಬೇರೆ ಮಾಡುವ ಉಪಾಯ ಸರಳವಾಗಿತ್ತು. ಪ್ರತಿಕಾಯ ವೈರಸ್ಸನ್ನೇ ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ಬೆರೆಸಿದರೆ ಕೆಲಸ ಮಾಡಬೇಕು. ಇಂಟರ್‌ಫೆರಾನ್ ಎಚ್ಚರಿಸುವುದು ಕೋಶವನ್ನು. ಕೋಶಕ್ಕೆ ತಯಾರಾಗಲು ಹೊತ್ತು ಬೇಕು.

ಗುಂಡಿ ಕೂತ ಮೊಟ್ಟೆಗಳ ದ್ರವಕ್ಕೆ ಆಮ್ಲ ಸೇರಿಸಿ ಒಂದು ರಾತ್ರಿ ಮಂಜಿನಲ್ಲಿಟ್ಟೆ. ಉಳಿದಿದ್ದ ವೈರಸ್ ಅದರಲ್ಲಿ ಸಾಯುತ್ತದೆ. ಇಂಟರ್‌ಫೆರಾನ್ ತಡೆದುಕೊಳ್ಳುತ್ತದೆ ಎಂದು ಓದಿದ್ದೆ. ಬೆಳಗ್ಗೆ ಸೋಡಾ ಹಾಕಿ ಹುಳಿ ಮುರಿದೆ. ಯಲಹಂಕದ ಮೊಟ್ಟೆಗಳನ್ನು ಒಡೆದು, ಚಿಪ್ಪಿನ ಒಳಮೈಗೆ ಅಂಟಿಕೊಂಡಿರುವ ನವಿರಾದ ಪೊರೆಯನ್ನು ಇಕ್ಕಳದಿಂದ ಬಿಡಿಸಿ, ಅಂಚೆಚೀಟಿಯಷ್ಟು ತುಂಡುಗಳಾಗಿ ಕತ್ತರಿಸಿ ಒಂದೊಂದು ನಳಿಕೆಗೆ ಒಂದೊಂದು ಹಾಕಿದೆ. ಒಂದು ಸಾಲಿಗೆ ಹಿಂದಿನ ದಿನವೇ ಆ ದ್ರವ ಕೊಟ್ಟು, ಮರುದಿನ ತೊಳೆದು ವೈರಸ್ ಕೊಟ್ಟೆ. ಇನ್ನೊಂದು ಸಾಲಿಗೆ ದ್ರವ, ವೈರಸ್ ಎರಡನ್ನೂ ಒಟ್ಟಿಗೇ ಕೊಟ್ಟು, ಸ್ವಲ್ಪ ಹೊತ್ತಿನಲ್ಲಿ ತೊಳೆದೆ. ಮೂರನೆಯದಕ್ಕೆ ಹಿಂದಿನ ದಿನ ಬರೀ ಉಪ್ಪುನೀರು. ವೈರಸ್ಸಿಗೆ, ಶುಕ್ರವಾರದ ಮೊಟ್ಟೆಗಳಿಂದ ಮೇಸ್ತ್ರಿ ತೆಗೆದಿಟ್ಟಿದ್ದ ತಾಜಾ ದ್ರವವನ್ನೇ ಬಳಸಿದೆ.

ಎರಡು ದಿನ ಬಿಟ್ಟು ತಟ್ಟೆ ನೋಡಿದೆ. ಉಪ್ಪುನೀರಿನ ಸಾಲಿನಲ್ಲಿ ಪರದೆ. ಒಟ್ಟಿಗೆ ಕೊಟ್ಟ ಸಾಲಿನಲ್ಲೂ ಪರದೆ. ಹಿಂದಿನ ದಿನ ಕೊಟ್ಟ ಸಾಲಿನಲ್ಲಿ ಗುಂಡಿ, ಗುಂಡಿ, ಗುಂಡಿ.

ಅಂದರೆ ತಡೆದದ್ದು ಪ್ರತಿಕಾಯವಲ್ಲ. ಅಂಚೆಚೀಟಿಯಷ್ಟು ಪೊರೆ, ಮಿದುಳಿಲ್ಲ, ರಕ್ತವಿಲ್ಲ, ಆದರೂ ಸುದ್ದಿ ಕೇಳಿ ಬಾಗಿಲು ಹಾಕಿಕೊಂಡಿತ್ತು. ದ್ರವ ಕೊಟ್ಟು ಆತುರದಲ್ಲಿ ಮರೆತುಬಿಟ್ಟಿದ್ದ ಒಂದಿಷ್ಟು ನಳಿಕೆಗಳಿಗೆ ಮೂರು ದಿನ ತಡವಾಗಿ ವೈರಸ್ ಕೊಟ್ಟು ನೋಡಿದೆ. ಅವುಗಳಲ್ಲಿ ವೈರಸ್ ಮತ್ತೆ ಸ್ವಲ್ಪ ಬೆಳೆದಿತ್ತು. ಹಾಕಿದ ಬಾಗಿಲನ್ನು ಕೋಶವೇ ತೆರೆದಿತ್ತೆ? ಸದಾ ಮುಚ್ಚಿಕೊಂಡೇ ಇದ್ದರೆ ಅದರ ಸಂಸಾರ ನಡೆಯುವುದಿಲ್ಲವೇನೋ. ಆದರೆ ಸಾಕು ಎಂದು ಅದಕ್ಕೆ ಯಾರು ಹೇಳುತ್ತಾರೆ? ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮುಂದಿನ ವಾರದ ಶನಿವಾರ ಮುಖ್ಯಸ್ಥರ ಮೇಜಿನ ಮುಂದೆ ನಿಂತೆ. ಆ ವಾರದ ಮಂಗಳವಾರದ ಮೊಟ್ಟೆಗಳೂ ಸೋತಿದ್ದವು.

ಅವರು ನನ್ನ ಟಿಪ್ಪಣಿಯನ್ನು ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿದರು.

“ಬಹಳ ಚೆನ್ನಾಗಿ ಮಾಡಿದ್ದೀರಿ. ನಿಜವಾಗ್ಲೂ. ಈಗ ಒಂದು ಹೇಳಿ. ಈ ಎಚ್ಚರಿಕೆ ವಸ್ತು ಸುಮ್ಮನೆ ಹುಟ್ಟಲ್ಲ, ವೈರಸ್ ಬಂದರೆ ಮಾತ್ರ ಹುಟ್ಟುತ್ತೆ, ಅಲ್ವಾ?”

“ಹೌದು ಸಾರ್.”

“ಯಲಹಂಕದ ಮೊಟ್ಟೆಗೂ ಅದೇ ಬೀಜ ಹಾಕ್ತೀವಿ. ಅಲ್ಲಿ ಬೀಜ ಬೆಳೆಯುತ್ತೆ. ಕೆಂಪಾಪುರದ ಮೊಟ್ಟೆ ಮಾತ್ರ ಮೊದಲೇ ಬಾಗಿಲು ಹಾಕ್ಕೊಂಡಿರುತ್ತೆ. ಅಂದ್ಮೇಲೆ ನಾವು ಬೀಜ ಹಾಕೋಕೆ ಮುಂಚೇನೇ ಇನ್ನೊಂದು ವೈರಸ್ ಒಳಗೆ ಬಂದಿದೆ. ಎಲ್ಲಿಂದ? ತಾಯಿ ಕೋಳಿಯಿಂದ. ನಾನು ಬರೀ ಹಳೇ ರೋಗ ಅಂದುಕೊಂಡಿದ್ದೆ. ನೀವು ಈಗಲೂ ಇರೋ ರೋಗ ಅಂತ ತೋರಿಸಿಕೊಟ್ರಿ.”

ನಾನು ಟಿಪ್ಪಣಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಮತ್ತೆ ಓದಿದೆ.

“ಒಳ್ಳೆ ವಾದ,” ಎಂದರು ಅವರು, ವ್ಯಂಗ್ಯವಿಲ್ಲದೆ. “ಆದರೆ ನನ್ನ ಪರವಾಗಿ ವಾದಿಸಿದ್ರಿ.”

ಇನ್ನೂರು ಕೋಳಿಗಳನ್ನೂ ಕೊಲ್ಲಿಸಬೇಕೆಂದು ಅವರು ಪತ್ರ ಬರೆದರು. ಅಕ್ಕಪಕ್ಕದ ಹಳ್ಳಿಗಳ ಕೋಳಿಗಳಿಗೆ ಹರಡಿದರೆ ಹೊಣೆ ಯಾರು ಎಂಬುದು ಅವರ ಪ್ರಶ್ನೆ. ಅವರ ಜಾಗದಲ್ಲಿ ಅದೂ ಸರಿಯೇ. ಬರುವ ವಾರ ಬಿಟ್ಟು ಅದರ ಮುಂದಿನ ಬುಧವಾರ ಜನ ಬರುತ್ತಾರೆಂದು ಅಕ್ಕನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅಕ್ಕ ಈ ಸಲ ಜಗಳವಾಡಲಿಲ್ಲ. “ನನ್ ಕೋಳಿಗೆ ಬಾಯಿಲ್ಲ, ನಿಂಗೈತೆ,” ಎಂದಳು. “ಅವುಗಳ ಪರವಾಗಿ ಮಾತಾಡ್ತೀಯ ಅನ್ಕೊಂಡಿದ್ದೆ.” ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಕೆರೆ ಏರಿಯ ಕಡೆಗೆ ನಡೆದಳು.

ಸೈಕಲ್ ತುಳಿಯುತ್ತ ಮನೆಗೆ ಹೋಗುವಾಗ ಮುಖ್ಯಸ್ಥರ ವಾದವನ್ನು ಎಳೆಎಳೆಯಾಗಿ ಬಿಡಿಸಿ ನೋಡಿದೆ. ಪ್ರತಿ ಕೊಂಡಿಯೂ ಗಟ್ಟಿಯಾಗಿತ್ತು, ಒಂದನ್ನು ಬಿಟ್ಟು: ‘ಅದೇ ಬೀಜ ಹಾಕ್ತೀವಿ.’ ಹಾಕುವುದು ಯಾರು? ಶುಕ್ರವಾರ ಮೇಸ್ತ್ರಿ. ಮಂಗಳವಾರ ಅವರು ಲಸಿಕೆಯ ಪೆಟ್ಟಿಗೆಗಳನ್ನು ಮಂಜುಗಡ್ಡೆಯಲ್ಲಿ ಕಟ್ಟಿಸಿ ಯಶವಂತಪುರ ಸ್ಟೇಷನ್ನಿಗೆ ಹೋಗಿ ರೈಲಿಗೆ ಹಾಕಿಸಿ ಬರಬೇಕು. ಅದು ಶುರುವಾಗಿದ್ದು ಮೊದಲ ಸೋಲಿನ ವಾರದಿಂದ. ಅಂದಿನಿಂದ ಮಂಗಳವಾರದ ಬಿತ್ತನೆ ನನ್ನದು.

ಎರಡು ಊರಿನ ಮೊಟ್ಟೆಗಳನ್ನು ಹೋಲಿಸುತ್ತಿದ್ದೇವೆ ಎಂದು ನಾವೆಲ್ಲ ನಂಬಿದ್ದೆವು. ಜೊತೆಯಲ್ಲಿ ಎರಡು ಜೋಡಿ ಕೈಗಳನ್ನೂ ಹೋಲಿಸುತ್ತಿದ್ದೆವು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಎಲ್ಲದರಲ್ಲೂ ಸಂದೇಹ ಹುಡುಕುವ ನನಗಂತೂ ಸುತರಾಂ ಹೊಳೆದಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಪತ್ರ ಹೋಗಿತ್ತು, ತಪ್ಪು ಕೋಳಿಗಳ ತಲೆಯ ಮೇಲಿತ್ತು. ಮರುವಾರ ಮೇಸ್ತ್ರಿಯ ಬಳಿ ಹೋಗಿ, ಶುಕ್ರವಾರದ ಯಲಹಂಕದ ಮೊಟ್ಟೆಗಳಲ್ಲಿ ಅರ್ಧ ನನಗೆ ಕೊಡಿ ಎಂದು ಕೇಳಿದೆ.

“ಯಾಕಮ್ಮೋರೆ? ಅವ್ನೂ ಕೆಡ್ಸಕ್ಕಾ?” ಎಂದು ನಕ್ಕರು.

“ಕೆಡುತ್ತೋ ಇಲ್ವೋ ನೋಡೋಕೆ.”

ಅವರ ನಗು ನಿಂತಿತು. ನನ್ನ ಮುಖ ನೋಡಿ ಮೊಟ್ಟೆಗಳನ್ನು ಎರಡು ಪಾಲು ಮಾಡಿದರು. ಒಂದೇ ಫಾರಂ, ಒಂದೇ ದಿನದ ಮೊಟ್ಟೆಗಳು, ಒಂದೇ ಹಿಮಪೆಟ್ಟಿಗೆಯ ಆಂಪೂಲುಗಳು. ಅವರು ಪಕ್ಕದ ಕೋಣೆಯಲ್ಲಿ, ನಾನು ನನ್ನ ಮೇಜಿನಲ್ಲಿ.

ನಾಲ್ಕು ದಿನ ಬಿಟ್ಟು, ಮಂಗಳವಾರ ಬೆಳಗ್ಗೆ, ಅವರ ಮೊಟ್ಟೆಗಳಲ್ಲಿ ಪರದೆ. ನನ್ನವುಗಳಲ್ಲಿ ಗುಂಡಿ.

ಯಲಹಂಕದ ಮೊಟ್ಟೆಗಳೇ! ಕೆಂಪಾಪುರದ ಒಂದು ಗರಿಯೂ ಅವುಗಳ ಹತ್ತಿರ ಸುಳಿದಿರಲಿಲ್ಲ. ಸ್ಟೇಷನ್ನಿಗೆ ಹೊರಟಿದ್ದ ಮೇಸ್ತ್ರಿಯನ್ನು ಅಂಗಳದಲ್ಲೇ ತಡೆದೆ.

“ನೀವು ಬೀಜ ಹೇಗೆ ಕರಗಿಸ್ತೀರಿ ಮೇಸ್ತ್ರಿ?”

ಅವರು ಅತ್ತಿತ್ತ ನೋಡಿದರು. “ತೊಟ್ಟೀಲಿ.”

“ನಿಜ ಹೇಳಿ.”

“ಸಾಯೇಬ್ರಿಗೆ ಏಳಲ್ಲ ತಾನೆ?” ದನಿ ತಗ್ಗಿಸಿದರು. “ಅಂಗೈಲಿ ಕಣಮ್ಮೋರೆ. ನೀವ್ ಅವತ್ತು ಗೆದ್ರಿ, ಔದು. ಎಲ್ರ ಮುಂದೆ ಮತ್ತೆ ಎದುರಾಡೋದು ಚೆಂದ ಅಲ್ಲ ಅಂತ ಆಯ್ತು ಅಂದೆ. ಆದ್ರೆ ಕೈ ಒಪ್ಪಲಿಲ್ಲ. ಆ ತೊಟ್ಟಿ ನೀರಿಗೆ ಬೆರ್ಳಿಟ್ರೆ ಸುಡ್ತದೆ. ಬೆರ್ಳು ಸುಡೋ ನೀರ್ನಾಗೆ ಜೀವ ಇರೋದ್ನ ಎಂಗಿಡಾದು?”

ಒಳಗೆ ಓಡಿ ತೊಟ್ಟಿಯ ಥರ್ಮಾಮೀಟರ್ ನೋಡಿದೆ. ಐವತ್ತಾರು ಡಿಗ್ರಿ. ಅದು ಸದಾ ಐವತ್ತಾರರಲ್ಲೇ ಇರುತ್ತದೆ ಎಂದು ನನಗೆ ಗೊತ್ತಿತ್ತು. ರಕ್ತಸಾರ ಕಾಯಿಸಲು ಅಷ್ಟೇ ಬೇಕು. ಕ್ಷಣಮಾತ್ರ ಅದ್ದಿ ತೆಗೆದರೆ ಕರಗುತ್ತದೆ ಎಂದು ವಾದಿಸಿದ್ದೆ. ಆದರೆ ಮೊಟ್ಟೆಗಳಿಗೆಲ್ಲ ಪೆನ್ಸಿಲ್ ಗುರುತು ಹಾಕಿ ಮುಗಿಯುವವರೆಗೆ, ಕಾಲು ಗಂಟೆಯೋ ಇನ್ನೂ ಹೆಚ್ಚೋ, ಆಂಪೂಲನ್ನು ಅಲ್ಲೇ ಬಿಡುತ್ತಿದ್ದೆ. ಥರ್ಮಾಮೀಟರ್ ಸುಳ್ಳು ಹೇಳಿರಲಿಲ್ಲ. ಅದು ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡಿರಲಿಲ್ಲ.

ಬೀಜದ ಬಹುಪಾಲು ಅಲ್ಲೇ ಸಾಯುತ್ತಿತ್ತು. ಆ ಹೆಣಗಳನ್ನೇ ನಾನು ಮೊಟ್ಟೆಯೊಳಗೆ ಬಿಡುತ್ತಿದ್ದೆ. ಪೊರೆಯ ಕೋಶಗಳು ಹೆಣ ಕಂಡೇ ಎಚ್ಚರಿಕೆ ಹೊರಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ಬದುಕುಳಿದ ಒಂದಿಷ್ಟು ವೈರಸ್ಸುಗಳಿಗೆ ಹೊಕ್ಕು ಬೆಳೆಯಲು ಮನೆಯೇ ಸಿಗುತ್ತಿರಲಿಲ್ಲ. ಅಕ್ಕನ ಮೊಟ್ಟೆಗಳು ಮಾಡಿದ್ದು ಆರೋಗ್ಯವಂತ ಮೊಟ್ಟೆ ಮಾಡಬೇಕಾದ ಕೆಲಸವನ್ನು.

ಮೇಸ್ತ್ರಿ ಸ್ಟೇಷನ್ನಿಗೆ ಬೇರೆಯವರನ್ನು ಕಳಿಸಿ ನನ್ನ ಜೊತೆಯಲ್ಲೇ ಬಂದರು. ಮುಖ್ಯಸ್ಥರಿಗೆ ನಿಂತುಕೊಂಡೇ ಎಲ್ಲ ಹೇಳಿದೆ. ಕೆಲಸ ಹೋಗುತ್ತದೆಂದು ಎಣಿಸಿದ್ದೆ. ಅವರು ರಿಜಿಸ್ಟರನ್ನು ಎಳೆದುಕೊಂಡು ಮಂಗಳವಾರದ ಪುಟಗಳನ್ನು ತಿರುವಿದರು.

“ಅರ್ಧ ಸತ್ತ ಬೀಜ ಅಂದ್ರೆ ಬೆಳೆ ಸ್ವಲ್ಪ ತಡ ಆಗ್ಬೇಕು ಅಷ್ಟೆ. ಪೂರ್ತಿ ಯಾಕೆ ನಿಲ್ಲುತ್ತೆ? ನೀವು ಆಯಮ್ಮನ ಮೇಲಿನ ಕನಿಕರಕ್ಕೆ ತಪ್ಪು ಮೈಮೇಲೆ ಹಾಕ್ಕೊಳ್ತಿಲ್ಲ ಅಂತ ಹೇಗೆ ನಂಬಲಿ?”

“ನಂಬಬೇಡಿ ಸಾರ್. ಇವತ್ತು ಬಿತ್ತಬೇಕಾದ್ದು ಅಕ್ಕನ ಮೊಟ್ಟೆಗಳೇ. ಮೂರು ಪಾಲು ಮಾಡೋಣ. ಒಂದಕ್ಕೆ ಅಂಗೈಯಲ್ಲಿ ಕರಗಿಸಿದ ಬೀಜ. ಇನ್ನೊಂದಕ್ಕೆ ತೊಟ್ಟಿಯ ಬೀಜ. ಮೂರನೆಯದಕ್ಕೆ ಅದೇ ತೊಟ್ಟಿಯ ಬೀಜ, ಆದರೆ ನೂರು ಪಾಲು ತೆಳು ಮಾಡಿ. ಬೀಜ ಬರೀ ದುರ್ಬಲವಾಗಿದ್ದರೆ ತೆಳು ಮಾಡಿದ್ದು ಇನ್ನೂ ಕಡಿಮೆ ಬೆಳೀಬೇಕು. ಹೆಣಗಳು ತಡೀತಿದ್ರೆ, ತೆಳು ಮಾಡಿದಾಗ ಹೆಣವೂ ಕಡಿಮೆಯಾಗಿ ಜಾಸ್ತಿ ಬೆಳೀಬೇಕು. ಯಾವ ಮೊಟ್ಟೆಗೆ ಯಾವುದು ಅಂತ ಮೇಸ್ತ್ರಿ ಬರೆದು ಪಟ್ಟಿ ನಿಮಗೆ ಕೊಡಲಿ. ನನಗೆ ಬರೀ ಸಂಖ್ಯೆ ಸಾಕು.”

ಅವರು ಟೆಲಿಫೋನ್ ಎತ್ತಿ, ಬುಧವಾರದ ಜನ ಶನಿವಾರದವರೆಗೆ ತಡೆಯಲಿ ಎಂದರು; ಅಕ್ಕನಿಗೂ ಹೇಳಿಕಳಿಸಿದರು. ಇಷ್ಟಾದರೂ ಅವರು ಕಿವಿಗೊಟ್ಟು ಕೇಳುವ ಮನುಷ್ಯ ಎಂಬುದನ್ನು ನಾನು ಇಲ್ಲಿ ಬರೆಯಲೇಬೇಕು.

ಶನಿವಾರ ತಟ್ಟೆ ಓದಿದವಳು ನಾನು, ಪಟ್ಟಿ ಬಿಚ್ಚಿದವರು ಅವರು. ಅಂಗೈ: ಪರದೆ. ತೊಟ್ಟಿ: ಗುಂಡಿ. ತೊಟ್ಟಿಯದೇ, ನೂರು ಪಾಲು ತೆಳುವಾದದ್ದು: ಪರದೆ. ಕಡಿಮೆ ಕೊಟ್ಟಲ್ಲಿ ಹೆಚ್ಚು ಬೆಳೆದಿತ್ತು. ಮೂರೂ ಅಕ್ಕನ ಕೋಳಿಗಳ ಮೊಟ್ಟೆಗಳು.

ಮುಖ್ಯಸ್ಥರು ತಮ್ಮ ಪತ್ರದ ನಕಲಿನ ಮೇಲೆ ಅಡ್ಡಗೆರೆ ಎಳೆದರು. “ತೊಟ್ಟಿಗೆ ಒಪ್ಪಿಗೆ ಕೊಟ್ಟವನು ನಾನು. ಅದನ್ನೂ ರಿಜಿಸ್ಟರಿನಲ್ಲಿ ಬರೀರಿ,” ಎಂದರು.

ಹತ್ತು ಗಂಟೆಗೆ ಅಕ್ಕ ಬಂದಳು. ಅಂಗಳದ ಹೊಂಗೆ ಮರದ ಕೆಳಗೆ ಅವಳಿಗೆ ಎಲ್ಲವನ್ನೂ ಹೇಳಿದೆ: ಕೋಳಿಗಳಿಗೆ ಏನೂ ಆಗಿಲ್ಲ, ಯಾರೂ ಬರುವುದಿಲ್ಲ, ತಪ್ಪು ನನ್ನದು. ಅವಳು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಎಂದಿಗಿಂತ ಹುಲ್ಲು ಹೆಚ್ಚು, ಮೊಟ್ಟೆ ಕಡಿಮೆ.

“ಬುಧವಾರ ಎಲ್ಲಾನೂ ಕೊಲ್ತಾರೆ ಅಂದಲ್ಲ. ಇರೋದ್ರಾಗೆ ಒಳ್ಳೆ ಮೂವತ್ತು ಕೋಳಿ, ದಿನಾ ಮೊಟ್ಟೆ ಇಡೋವು, ಹೋದ್ ವಾರ ಸಂತೇಲಿ ಮಾರ್‍ಬಿಟ್ಟೆ. ಸಾಯೋದ್ನ ನಾನ್ ನೋಡ್ನಾರೆ ಅಂತ. ಈಗ್ ಬಂದು ರೋಗ ಇಲ್ಲ ಅಂತೀಯ.”

“ತಪ್ಪಾಯ್ತು ಅಕ್ಕಾ.”

“ನಂಗ್ಯಾಕ್ ಏಳ್ತೀಯ? ಆ ಮೂವತ್ತಕ್ಕೆ ಏಳು, ಸಿಕ್ಕಿದ್ರೆ.” ಎಣಿಸಿ ಮೊಟ್ಟೆ ಇಳಿಸಿದಳು. ಹೊರಡುವಾಗ ತಿರುಗಿ, “ಮುಂದಿನ ಶನಿವಾರ ಬರ್ತೀನಿ,” ಎಂದಳು. ಅಷ್ಟು ಹೇಳಬೇಕಾದ ಅಗತ್ಯ ಅವಳಿಗಿರಲಿಲ್ಲ.

ಆ ಮೊಟ್ಟೆಗಳು ಹತ್ತು ದಿನ ಕಾವಿನಲ್ಲಿದ್ದು ಮಂಗಳವಾರ ಬಿತ್ತನೆಗೆ ಬಂದವು. ಮೇಸ್ತ್ರಿ ಹಿಮಪೆಟ್ಟಿಗೆಯಿಂದ ಆಂಪೂಲ್ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಚಳಿ ಮೂಳೆಗೆ ಇಳಿಯಿತು.

“ಸುಮ್ಕೆ ಯಾಕ್ ಕುಂತ್ರಿ? ಏನಾರಾ ವಾದ ಮಾಡಿ, ಒತ್ತು ಓಗ್ಲಿ.”

“ವಾದ ಇಲ್ಲ ಮೇಸ್ತ್ರಿ, ಒಂದು ಪ್ರಶ್ನೆ ಇದೆ. ಬಾಗಿಲು ಹಾಕ್ಕೊಂಡ ಕೋಶ, ಇನ್ನು ಸಾಕು ಅಂತ ಹೇಗೆ ತಿಳ್ಕೊಳ್ಳುತ್ತೆ?”

“ನಿಮ್ ಕಾಲೇಜ್ನಾಗೆ ಗಂಟೆ ಬಾರ್ಸೋರು ಇದ್ರಂತಲ್ಲ. ಅದ್ಕೂ ಯಾರೋ ಇರ್ಬೇಕು.”

ಯಾರು ಎಂಬುದು ನನಗಿನ್ನೂ ಗೊತ್ತಿಲ್ಲ. ಆಂಪೂಲಿನೊಳಗೆ ಹಿಮ ಸರಿದು ಒಂದು ಗುಳ್ಳೆ ಮೇಲಕ್ಕೆ ತೇಲಿತು. ಎದುರಿಗೆ ಮೊಟ್ಟೆಗಳ ತಟ್ಟೆಯಲ್ಲಿ ಕೊನೆಯ ಎರಡು ಸಾಲು ಖಾಲಿ ಇದ್ದವು. ಗುರುತು ಹಾಕಲು ಪೆನ್ಸಿಲ್ ಎತ್ತಿಕೊಂಡವಳು ಅದನ್ನು ಕೆಳಗಿಟ್ಟು, ಬೀಜ ಪೂರ್ತಿ ಕರಗುವವರೆಗೂ ಮುಷ್ಟಿ ಬಿಡಲಿಲ್ಲ.